ಗ್ರಾಫಿಕ್ಸ್ ಕಾರ್ಡಿನ ಮೆಮೊರಿಗೆ ಹೀಟ್‌ಸಿಂಕ್ ಆರಿಸುವಾಗ

ತುಮಕೂರಿನ ಏಪ್ರಿಲ್ ಸೆಕೆಯಲ್ಲೂ ಗ್ರಾಫಿಕ್ಸ್ ಕಾರ್ಡನ್ನು ಓವರ್‌ಕ್ಲಾಕ್ ಮಾಡಬೇಕೆಂದಿರುವ, ಅಂದರೆ ನಿಗದಿತ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸಬೇಕೆಂದಿರುವ ಗೆಳೆಯರು, ಮೆಮೊರಿಗೆ ಹೀಟ್‌ಸಿಂಕ್ (ಚಿಪ್ಪಿನ ಶಾಖವನ್ನು ಹೊರಹಾಕುವ ಲೋಹದ ತುಂಡು) ಕೊಳ್ಳುವ ಮೊದಲು ಚಿಪ್‌ನ ಅಳತೆಯನ್ನೂ (ಜಿಡಿಡಿಆರ್6 ಎಂಬ ಬಗೆಯ ಮೆಮೊರಿ ಚಿಪ್ ಸುಮಾರು 14 ಮಿ.ಮೀ. ಉದ್ದ, 12 ಮಿ.ಮೀ. ಅಗಲವಿರುತ್ತದೆ) ಅದರ ಮೇಲೆ ಕೂಲರ್‌ವರೆಗೆ ಉಳಿಯುವ ಎತ್ತರವನ್ನೂ ನೋಡಿಕೊಳ್ಳಬೇಕು. ತಾಮ್ರವು ಅಲ್ಯೂಮಿನಿಯಂಗಿಂತ ಚೆನ್ನಾಗಿ ಶಾಖವನ್ನು ಸಾಗಿಸುತ್ತದೆಯಾದರೂ ಅಷ್ಟೇ ಗಾತ್ರದ ತುಂಡಿನ ತೂಕ ಮೂರು ಪಟ್ಟಿಗಿಂತ ಹೆಚ್ಚು. ಸಾಮಾನ್ಯ ಟವರ್ ಕ್ಯಾಬಿನೆಟ್ಟಿನಲ್ಲಿ ಚಿಪ್‌ಗಳು ಕೆಳಮುಖವಾಗಿರುವುದರಿಂದ, ಬಿಸಿಗೆ ಅಂಟುಪಟ್ಟಿ ಸಡಿಲಗೊಂಡು ಸಿಂಕ್ ಕಳಚಿಬಿದ್ದರೆ ಶಾರ್ಟ್ ಸರ್ಕ್ಯೂಟ್ ಆಗಬಹುದು. ಅಂಟುಪಟ್ಟಿಯನ್ನೇ ನೆಚ್ಚುವವರಿಗೆ ಹಗುರವಾದ ಅಲ್ಯೂಮಿನಿಯಂ ಮೇಲೆಂಬುದು ನನ್ನ ಖಚಿತ ಅಭಿಪ್ರಾಯ. ಅಂಟಿಸುವ ಮುನ್ನ ಚಿಪ್‌ಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಒಣಗಲು ಬಿಡಿ. ಥರ್ಮಲ್ ಎಪಾಕ್ಸಿ (ಶಾಖ ಸಾಗಿಸುವ ಅಂಟು) ಗಟ್ಟಿಯಾಗಿ ಹಿಡಿಯುತ್ತದೆ, ಆದರೆ ಮುಂದೆ ಸಿಂಕನ್ನು ತೆಗೆಯುವಾಗ ಚಿಪ್ಪೇ ಕಿತ್ತುಬರುವ ಅಪಾಯವಿರುವುದರಿಂದ, ದಯವಿಟ್ಟು ಅದನ್ನು ಮಾರಬೇಕೆಂದಿರುವ ಕಾರ್ಡಿಗೆ ಹಚ್ಚಬೇಡಿ.