ಹಳೇ ಗುಡಿಯ ವಯಸ್ಸು ಕಂಡುಹಿಡಿಯುವುದು: ಬೆಂಗಳೂರಿನ ಮಟ್ಟಿಗೆ ಒಂದು ಕೈಪಿಡಿ

ಬೆಂಗಳೂರಿನ ಯಾವ ಹಳೇ ಗುಡಿಗೆ ಹೋದರೂ ಬಾಗಿಲ ಪಕ್ಕ ಒಂದು ಬೋರ್ಡು ಇದ್ದೇ ಇರುತ್ತದೆ: ‘ಚೋಳರ ಕಾಲದ ಪುರಾತನ ದೇವಾಲಯ’. ಒಳಗೆ ಕಾಲಿಟ್ಟರೆ ಗ್ರಾನೈಟ್ ನೆಲ, ಎನಾಮೆಲ್ ಬಳಿದ ಕಂಬ, ಸಿಮೆಂಟಿನ ಗೋಪುರ. ಬೋರ್ಡು ಪೂರ್ತಿ ಸುಳ್ಳೆನ್ನುವಂತಿಲ್ಲ, ಪೂರ್ತಿ ನಿಜವೂ ಅಲ್ಲ. ಗುಡಿಗೆ ಒಂದೇ ವಯಸ್ಸು ಇರುವುದಿಲ್ಲ. ಗರ್ಭಗುಡಿಗೊಂದು, ಮಂಟಪಕ್ಕೊಂದು, ಗೋಪುರಕ್ಕೊಂದು, ಅಲ್ಲಿ ನಡೆಯುವ ಪರಿಷೆಗೆ ಇನ್ನೊಂದು. ಇವನ್ನು ಬಿಡಿಬಿಡಿಯಾಗಿ ಕಂಡುಕೊಳ್ಳುವ ದಾರಿ ಇಲ್ಲಿದೆ.

ಹೊರಡುವ ಮೊದಲು

ಮೊದಲ ಕೆಲಸ ಮನೆಯಲ್ಲೇ. ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 9ನೇ ಸಂಪುಟ (1905) ಆಗಿನ ಬೆಂಗಳೂರು ಜಿಲ್ಲೆಯ ಶಾಸನಗಳದ್ದು. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಇದರಲ್ಲಿ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಕೊಟ್ಟಿದ್ದಾರೆ. ಹೊಸಬರು ಎಡವುವುದು ಇಲ್ಲೇ: ಈಗಿನ ಬಡಾವಣೆಯ ಹೆಸರಲ್ಲಿ ಹುಡುಕುತ್ತಾರೆ, ಏನೂ ಸಿಗದೆ ಕೈಬಿಡುತ್ತಾರೆ. ನೂರಿಪ್ಪತ್ತು ವರ್ಷದ ಹಿಂದೆ ಈಗಿನ ಬಹುತೇಕ ಬಡಾವಣೆಗಳು ಎಲ್ಲಿದ್ದವು? ಹಳ್ಳಿಯ ಹೆಸರು ಬೇಕು. ದೊಡ್ಡ ಬಸವಣ್ಣನ ಗುಡಿ ಇರುವ ಜಾಗ ಸುಂಕೇನಹಳ್ಳಿ. ಮಲ್ಲೇಶ್ವರ ಬಡಾವಣೆ ಎದ್ದದ್ದು 1898ರ ಪ್ಲೇಗಿನ ನಂತರ, ಆದರೆ ಕಾಡು ಮಲ್ಲೇಶ್ವರನಿಗೆ ಶಿವಾಜಿಯ ಮಲಸಹೋದರ ಏಕೋಜಿ ಮೇದರನಿಂಗನಹಳ್ಳಿಯನ್ನು ದತ್ತಿ ಬಿಟ್ಟದ್ದು 1669ರಲ್ಲೇ. ಹಳೇ ಹೆಸರು ಗೊತ್ತಿಲ್ಲದಿದ್ದರೆ ಸರ್ವೆ ನಕ್ಷೆ ನೋಡಿ, ಇಲ್ಲವೇ ಮನೆಯ ಹಳೇ ಕ್ರಯಪತ್ರ ತೆಗೆಯಿರಿ. ‘ಇಂಥ ಹೋಬಳಿ, ಇಂಥ ಗ್ರಾಮ’ ಎಂದು ಬರೆದಿರುತ್ತದೆ.

ರೈಸ್ ಸಂಪುಟದಲ್ಲಿ ಬಿಟ್ಟುಹೋದ ಹಲವು ಶಾಸನಗಳು ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಬಂದಿವೆ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಸುತ್ತಿದೆ, ಅದನ್ನೂ ಒಮ್ಮೆ ನೋಡಿ. ಕಲ್ಲು ಗುಡಿಯಲ್ಲೇ ಇರಬೇಕೆಂದೂ ಇಲ್ಲ. ಬೇಗೂರಿನ ದೊಡ್ಡ ವೀರಗಲ್ಲು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ಸಂಗ್ರಹಾಲಯದಲ್ಲಿದೆ. ‘ಬೆಂಗಳೂರು’ ಎಂಬ ಹೆಸರು ಬರುವ ಕಾಳಗದ ಕಲ್ಲು, 890ರ ಸುಮಾರಿನದು, ಬೇಗೂರಿನ ನಾಗೇಶ್ವರ ಗುಡಿಯ ಆವರಣದಲ್ಲೇ ಇದೆ. ಎರಡನ್ನೂ ಒಂದೇ ಎಂದುಕೊಂಡು ಬರೆಯುವವರು ಬೇಕಾದಷ್ಟು ಜನ.

ಚೀಲದಲ್ಲಿ ಏನಿರಬೇಕು

ಐದು ಮೀಟರಿನ ಟೇಪು, ಕಿರಿದಾದ ಬೆಳಕು ಬೀರುವ ಟಾರ್ಚು ಎರಡು, ಮೃದು ಕೂದಲಿನ ಬ್ರಷ್ಷು ಎರಡು, ಎರಡು ಲೀಟರ್ ನೀರು, ಹತ್ತಿಬಟ್ಟೆ, ಹತ್ತು ಸೆಂಟಿಮೀಟರಿನ ಅಳತೆಪಟ್ಟಿ, ಪೆನ್ಸಿಲು, ಗೆರೆ ಇಲ್ಲದ ಹಾಳೆ. ಸೀಮೆಸುಣ್ಣ, ತಂತಿಬ್ರಷ್ಷು, ಆಸಿಡ್ ಮನೆಯಲ್ಲೇ ಇರಲಿ. ಸೀಮೆಸುಣ್ಣದಲ್ಲಿ ಅಕ್ಷರ ತುಂಬಿ ಫೋಟೋ ತೆಗೆಯುವುದು ಹಳೇ ಚಾಳಿ. ನೀವು ತುಂಬುವುದು ಕಲ್ಲಿನಲ್ಲಿರುವ ಅಕ್ಷರವನ್ನಲ್ಲ, ನಿಮಗೆ ಕಂಡ ಅಕ್ಷರವನ್ನು. ಮುಂದೆ ನೋಡುವವರಿಗೂ ಅದೇ ತಪ್ಪು ಕಾಣುತ್ತದೆ.

ಹೋಗುವ ಹೊತ್ತು ಮುಖ್ಯ. ಬೆಳಗಿನ ಪೂಜೆ ಮುಗಿದ ಮೇಲೆ, ಹತ್ತು ಗಂಟೆಯೊಳಗೆ ಹೋಗಿ. ಮಧ್ಯಾಹ್ನ ಬಹುತೇಕ ಗುಡಿಗಳ ಬಾಗಿಲು ಹಾಕಿರುತ್ತದೆ. ಈಶ್ವರನ ಗುಡಿಗೆ ಸೋಮವಾರ, ವೆಂಕಟರಮಣನ ಗುಡಿಗೆ ಶನಿವಾರ ಬೇಡ, ಅರ್ಚಕರಿಗೆ ಮಾತಾಡಲು ಪುರುಸೊತ್ತು ಇರುವುದಿಲ್ಲ. ಮೊದಲು ದರ್ಶನ ಮಾಡಿ, ಮಂಗಳಾರತಿ ತೆಗೆದುಕೊಂಡು, ಆಮೇಲೆ ಕೇಳಿ: ‘ಸ್ವಾಮಿ, ಹೊರಗಡೆ ಬರಹ ಇರೋ ಕಲ್ಲುಗಳಿವೆಯಾ, ನೋಡಬಹುದಾ?’ ಗರ್ಭಗುಡಿಯ ಫೋಟೋ ಕೇಳಲೇಬೇಡಿ. ಆ ಒಂದು ಮಾತಿಗೆ ಉಳಿದ ಬಾಗಿಲೂ ಮುಚ್ಚಿಹೋಗುತ್ತದೆ.

ಕಲ್ಲು ಎಲ್ಲಿ ಹುಡುಕಬೇಕು

ಗರ್ಭಗುಡಿಯ ಹೊರಗೋಡೆಯ ತಳದ ಪಟ್ಟಿಕೆಗಳಿಂದ ಶುರುಮಾಡಿ ಪ್ರದಕ್ಷಿಣೆಯಾಗಿ ಬನ್ನಿ. ಮಡಿವಾಳದ ಸೋಮೇಶ್ವರನಲ್ಲಿ 13ನೇ ಶತಮಾನದ ತಮಿಳು ಶಾಸನಗಳಿರುವುದು ಹೊರಗೋಡೆಯ ಮೇಲೆಯೇ. ದೊಮ್ಮಲೂರಿನ ಚೊಕ್ಕನಾಥನಲ್ಲಿ ಬಾಗಿಲವಾಡ ನೋಡಿ. ತಮಿಳು ಕಂಡು ಗಾಬರಿಯಾಗಬೇಕಿಲ್ಲ, ಅದನ್ನು ವಾದಕ್ಕೆಳೆಯುವುದೂ ಬೇಡ. ಚೋಳರ ಆಳ್ವಿಕೆಯಲ್ಲೂ ಮುಂದೆ ಹೊಯ್ಸಳರ ಕಾಲದಲ್ಲೂ ಈ ಭಾಗದಲ್ಲಿ ತಮಿಳಿನಲ್ಲಿ ದತ್ತಿ ಬರೆಸಿದ್ದಾರೆ, ಪಕ್ಕದ ಊರಲ್ಲಿ ಅದೇ ಕಾಲಕ್ಕೆ ಕನ್ನಡವೂ ಇರುತ್ತದೆ.

ಆಮೇಲೆ ಕಂಬಗಳು, ಗರುಡಗಂಬದ ಬುಡ, ಕಲ್ಯಾಣಿಯ ಮೆಟ್ಟಿಲು. ಕೊನೆಗೆ ಆವರಣದ ಮೂಲೆ, ಅರಳಿಕಟ್ಟೆ. ಅಲ್ಲಿ ಮೂರು ಬಗೆಯ ಕಲ್ಲು ಸಿಗುತ್ತವೆ. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಅಂತಸ್ತು: ಕೆಳಗೆ ಕಾದಾಟ, ನಡುವೆ ವೀರನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ. ಕೆಳಗೆ ದನಗಳಿದ್ದರೆ ಅದು ತುರುಗೋಳಿನಲ್ಲಿ, ಅಂದರೆ ದನಗಳಿಗಾಗಿ ನಡೆದ ಕಾದಾಟದಲ್ಲಿ, ಸತ್ತವನ ಕಲ್ಲು. ಬರಹ ಅಂತಸ್ತುಗಳ ನಡುವಿನ ಪಟ್ಟಿಯಲ್ಲಿರುತ್ತದೆ. ಸತಿ ಹೋದ ಹೆಂಗಸಿನ ನೆನಪಿಗೆ ನಿಲ್ಲಿಸಿದ ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟು ಮೇಲೆತ್ತಿದ ಕೈ ಕಾಣುತ್ತದೆ. ನಾಗರಕಲ್ಲು ಕಂಡು ಗುಡಿಯ ಕಾಲ ಹೇಳಬೇಡಿ, ಹೋದ ವರ್ಷ ಪ್ರತಿಷ್ಠೆ ಮಾಡಿದ್ದೂ ಎಣ್ಣೆ-ಅರಿಶಿನ ಕುಡಿದು ನೂರು ವರ್ಷದ್ದರಂತೆ ಕಾಣುತ್ತದೆ. ವೀರಗಲ್ಲಿಗೆ ಕುಂಕುಮ ಇಟ್ಟಿದ್ದರೆ ಅದು ಯಾರದೋ ಮನೆದೇವರು. ತೊಳೆಯುವುದು ನಿಮ್ಮ ಕೆಲಸವಲ್ಲ. ಅರ್ಧ ಹೂತ ಕಲ್ಲನ್ನು ಅಗೆಯಲೂ ಹೋಗಬೇಡಿ. ಫೋಟೋ, ಜಾಗ ಗುರುತುಮಾಡಿ ರಾಜ್ಯ ಪುರಾತತ್ವ ಇಲಾಖೆಗೆ ತಿಳಿಸಿ.

ಅಕ್ಷರ ಮೇಲೇಳಿಸುವುದು

ಸವೆದ ಶಾಸನ ನಡುಹಗಲಲ್ಲಿ ಕಾಣುವುದಿಲ್ಲ. ಬೆಳಕು ಕಲ್ಲಿನ ಮೈಗೆ ಸವರಿಕೊಂಡು ಹೋಗಬೇಕು. ಬೆಳಿಗ್ಗೆ ಅಥವಾ ಸಂಜೆ ಇಳಿಬಿಸಿಲು ಬಿದ್ದರೆ ಸರಿ, ಇಲ್ಲವಾದರೆ ಸಂಜೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ಹೆಚ್ಚುಕಡಿಮೆ ಒರಗಿಸಿ ಹಿಡಿಯಿರಿ. ಎಡ, ಬಲ, ಮೇಲೆ, ಕೆಳಗೆ, ನಾಲ್ಕೂ ಕಡೆಯ ಬೆಳಕಿನಲ್ಲಿ ಒಂದೊಂದು ಚಿತ್ರ ಬೇಕು. ಎಡಬೆಳಕಿನಲ್ಲಿ ಮಾಯವಾದ ಅಡ್ಡಗೆರೆ ಮೇಲಿನ ಬೆಳಕಿನಲ್ಲಿ ಎದ್ದು ಬರುತ್ತದೆ. ಮೊದಲು ಇಡೀ ಕಲ್ಲು, ಆಮೇಲೆ ಸಾಲುಸಾಲಾಗಿ, ಒಂದು ಚಿತ್ರ ಪಕ್ಕದ್ದನ್ನು ಮೂರನೇ ಒಂದು ಭಾಗ ಮುಚ್ಚುವಂತೆ ತೆಗೆಯಿರಿ. ಅಳತೆಪಟ್ಟಿ ಚೌಕಟ್ಟಿನೊಳಗೇ ಇರಲಿ. ಕಾಗದ ಒದ್ದೆಮಾಡಿ ಬಡಿದು ಮಸಿಯಲ್ಲಿ ಅಚ್ಚು ತೆಗೆಯುವ ವಿಧಾನವನ್ನು ಕಲಿತವರಿಗೆ ಬಿಡಿ. ಕಾಗದ ಹರಿದರೆ ಮಸಿ ನೇರ ಕಲ್ಲಿಗೆ ಇಳಿಯುತ್ತದೆ, ಆಮೇಲೆ ಅದು ಹೋಗುವುದಿಲ್ಲ.

ಓದಲು ತಲೆಯಿಂದ ಶುರುಮಾಡಬೇಡಿ, ಗೊತ್ತಿರುವ ಮಾತಿನಿಂದ ಶುರುಮಾಡಿ. ಶುರುವಿಗೆ ‘ಸ್ವಸ್ತಿ ಶ್ರೀ’, ‘ಶುಭಮಸ್ತು’ ಅಥವಾ ‘ನಮಸ್ತುಂಗ ಶಿರಶ್ಚುಂಬಿ’ ಇರುವುದೇ ಹೆಚ್ಚು. ಕೊನೆಗೆ ಶಾಪ: ‘ಸ್ವದತ್ತಾಂ ಪರದತ್ತಾಂ ವಾ’, ಇಲ್ಲವೇ ‘ಗಂಗೆಯ ತಡಿಯಲಿ ಕಪಿಲೆಯ ಕೊಂದ ಪಾಪ’. ಈ ಎರಡು ತುದಿಯ ಅಕ್ಷರಗಳ ರೂಪ ಬರೆದುಕೊಂಡರೆ ನಡುವಿನದನ್ನು ಬಿಡಿಸಲು ನಿಮ್ಮದೇ ಒಂದು ವರ್ಣಮಾಲೆ ಸಿದ್ಧವಾಯಿತು. ಪ-ವ-ಮ ಒಂದಕ್ಕೊಂದು ಬೆರೆಯುತ್ತವೆ, ಹ್ರಸ್ವ ಎ-ಒಗೂ ದೀರ್ಘ ಏ-ಓಗೂ ಬೇರೆ ಗುರುತು ಇರುವುದಿಲ್ಲ, ಎಂಬುದು ನೆನಪಿರಲಿ. ಸಾಲಿಗೆ ಸಂಖ್ಯೆ ಹಾಕಿ. ಅನುಮಾನದ ಅಕ್ಷರ ಕಂಸದಲ್ಲಿ, ಹೋದ ಅಕ್ಷರಕ್ಕೆ ಚುಕ್ಕಿ. ಊಹಿಸಿ ತುಂಬುವ ಆಸೆ ಬರುತ್ತದೆ, ಬಂದಾಗ ಪೆನ್ಸಿಲು ಕೆಳಗಿಡಿ.

ನಡುವೆ ಬರುವ ಮಾತುಗಳಲ್ಲಿ ಗುಡಿಯ ಸಂಸಾರವೇ ಇದೆ. ಗದ್ದೆ-ಬೆದ್ದಲು, ಖಂಡುಗ, ಕೊಳಗ ಬಂದರೆ ಜಮೀನು. ನಂದಾದೀಪ ಎಂದರೆ ಎಣ್ಣೆಯ ಖರ್ಚು, ಅಮೃತಪಡಿ ಎಂದರೆ ನೈವೇದ್ಯದ ಅಕ್ಕಿ. ಸರ್ವಮಾನ್ಯ ಎಂದರೆ ತೆರಿಗೆ ಇಲ್ಲ. ಕೊಟ್ಟವನು ರಾಜನೇ ಆಗಿರಬೇಕಿಲ್ಲ, ಗೌಡನೋ ಸೆಟ್ಟಿಯೋ ಆಗಿರುವುದುಂಟು. ಗುಡಿ ಯಾರದ್ದಾಗಿತ್ತು ಎನ್ನುವುದಕ್ಕೆ ಮೊದಲ ಉತ್ತರ ಅಲ್ಲಿದೆ.

ಕಾಲದ ಲೆಕ್ಕ ಹೀಗೆ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ. ತಿಂಗಳು ಮಾಘ, ಫಾಲ್ಗುಣವಾದರೆ 79. ಸಂವತ್ಸರ (ಅರವತ್ತು ವರ್ಷದ ಚಕ್ರದಲ್ಲಿ ಆ ವರ್ಷದ ಹೆಸರು) ತಾಳೆ ನೋಡಲು ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ, ಶೇಷದಷ್ಟು ಸಂಖ್ಯೆಯನ್ನು ಪ್ರಭವದಿಂದ ಎಣಿಸಿ (ಶೇಷ ಸೊನ್ನೆಯಾದರೆ ಅಕ್ಷಯ). ಶಕ 1591ಕ್ಕೆ 12 ಕೂಡಿಸಿದರೆ 1603, ಶೇಷ 43, ಅಂದರೆ ಸೌಮ್ಯ, ಕ್ರಿ.ಶ. 1669-70. ಒಂದು ವರ್ಷ ಹೆಚ್ಚುಕಡಿಮೆ ಬಂದರೆ ಶಾಸನದ ತಪ್ಪಲ್ಲ. ಕೆಲವರು ಸಂದ ವರ್ಷ ಬರೆಸುತ್ತಿದ್ದರು, ಕೆಲವರು ನಡೆಯುತ್ತಿರುವ ವರ್ಷ. ಹತ್ತು ವರ್ಷ ವ್ಯತ್ಯಾಸ ಬಂದರೆ ನೀವು ಅಂಕಿ ತಪ್ಪು ಓದಿದ್ದೀರಿ.

ಶಾಸನವಿಲ್ಲದಿದ್ದರೆ

ಕಂಬ ನೋಡಿ. ಚೌಕ-ಎಂಟುಮೂಲೆ-ಚೌಕ ಎಂದು ಅಂತಸ್ತಿಟ್ಟು, ಚೌಕಗಳ ಮೇಲೆ ಉಬ್ಬುಚಿತ್ರ, ಬೋದಿಗೆಯಿಂದ (ಕಂಬದ ತಲೆಯ ಚಾಚುಗಲ್ಲು) ಮೊಗ್ಗಿನಂತೆ ಇಳಿಬಿದ್ದ ತುದಿ, ಎದ್ದುನಿಂತ ಯಾಳಿ (ಸಿಂಹದಂಥ ಕಾಲ್ಪನಿಕ ಮೃಗ) ಇವೆಲ್ಲ ಇದ್ದರೆ ಮಂಟಪ ವಿಜಯನಗರದ ಕಾಲದ್ದು ಅಥವಾ ಅದೇ ಶೈಲಿಯ ಪಾಳೆಯಗಾರರದ್ದು. ಹಲಸೂರಿನ ಸೋಮೇಶ್ವರನಲ್ಲಿ ಇದನ್ನು ಕಣ್ತುಂಬ ನೋಡಬಹುದು. ಒಳಗಿನ ಕಂಬ ಸಾದಾ, ಹೊರಗಿನದು ಚಿತ್ರಭರಿತ ಆಗಿದ್ದರೆ ಎರಡು ಕಾಲ ಸೇರಿವೆ ಎಂದೇ ಅನುಮಾನಿಸಿ. ಗೋಪುರದ ಮೇಲ್ಭಾಗ ಇಟ್ಟಿಗೆ-ಗಾರೆಯದ್ದು, ಮತ್ತೆ ಮತ್ತೆ ದುರಸ್ತಿಯಾಗಿರುತ್ತದೆ. ಅದನ್ನು ನೋಡಿ ಕಾಲ ಹೇಳುವುದು ಬಣ್ಣ ನೋಡಿ ಮನೆಯ ವಯಸ್ಸು ಹೇಳಿದ ಹಾಗೆ.

ಜೀರ್ಣೋದ್ಧಾರವೇ ದೊಡ್ಡ ಶತ್ರು. ಬಣ್ಣ ತೆಗೆಯಲು ಮರಳು ಊದಿದರೆ ಅಕ್ಷರವೂ ಹೋಗುತ್ತದೆ. ನೆಲಕ್ಕೆ ಗ್ರಾನೈಟ್ ಹಾಸಿದರೆ ತಳದ ಪಟ್ಟಿಕೆ ಒಂದು ಗೇಣು ಹೂತುಹೋಗುತ್ತದೆ. ಕೆಲಸ ಶುರುವಾಗುವ ಸುದ್ದಿ ಬಿದ್ದ ದಿನವೇ ಹೋಗಿ ಚಿತ್ರ ತೆಗೆದಿಡಿ.

ಜನರನ್ನು ಕೇಳುವುದು

‘ಗುಡಿ ಯಾರು ಕಟ್ಟಿಸಿದ್ದು?’ ಎಂದು ಕೇಳಿದರೆ ಬೋರ್ಡಿನಲ್ಲಿದ್ದದ್ದೇ ಬಾಯಲ್ಲೂ ಬರುತ್ತದೆ. ‘ತೇರಿನ ದಿನ ಯಾರ ಮನೆಯಿಂದ ಏನು ಬರುತ್ತೆ?’ ಎಂದು ಕೇಳಿ ನೋಡಿ. ಹೂವು ಯಾರದು, ಎಣ್ಣೆ ಯಾರದು, ಪಲ್ಲಕ್ಕಿಗೆ ಹೆಗಲು ಕೊಡುವವರು ಯಾರು, ಮೊದಲ ತೀರ್ಥ ಯಾರಿಗೆ. ಪೇಟೆಯ ಗುಡಿಗಳಲ್ಲಿ ಇದೇ ನಿಜವಾದ ದಾಖಲೆ. ಧರ್ಮರಾಯನ ಗುಡಿಯ ಕರಗ ತಿಗಳರದ್ದು. ಗಣಾಚಾರಿ, ಗಂಟೆಪೂಜಾರಿ, ಕತ್ತಿ ಹಿಡಿದ ವೀರಕುಮಾರರು, ಒಬ್ಬೊಬ್ಬರಿಗೂ ಬೇರೆ ಬೇರೆ ಜವಾಬ್ದಾರಿ. ಚೈತ್ರ ಹುಣ್ಣಿಮೆಯ ರಾತ್ರಿ ಹೊರಟ ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. ಕರಗ ಯಾವ ಬೀದಿಯಲ್ಲಿ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಬರೆದುಕೊಂಡರೆ ಹಳೇ ಪೇಟೆಯ ನಕ್ಷೆಯೇ ಕೈಗೆ ಬರುತ್ತದೆ. ಹಬ್ಬದ ವಾರದಲ್ಲಿ ಮಾತ್ರ ಸಂದರ್ಶನಕ್ಕೆ ಹೋಗಬೇಡಿ, ವ್ರತದಲ್ಲಿರುತ್ತಾರೆ.

ಐತಿಹ್ಯವನ್ನೂ ಬರೆದುಕೊಳ್ಳಿ, ಆದರೆ ಬೇರೆ ಪುಟದಲ್ಲಿ. ಬಸವನಗುಡಿಯಲ್ಲಿ ಕಡಲೆಕಾಯಿ ಹೊಲಕ್ಕೆ ನುಗ್ಗಿದ ಬಸವ ಕಲ್ಲಾದ ಕಥೆ ಎಲ್ಲರಿಗೂ ಗೊತ್ತು. ಗುಡಿಯನ್ನು ಕೆಂಪೇಗೌಡ 1537ರಲ್ಲಿ ಕಟ್ಟಿಸಿದ ಎಂಬುದು ರೂಢಿಯ ಮಾತು. ಕಡಲೆಕಾಯಿಯ ತವರು ದಕ್ಷಿಣ ಅಮೆರಿಕ, ಪೋರ್ಚುಗೀಸರು ಬರುವ ಮೊದಲು ಅದು ಈ ಕಡೆ ಇರಲೇ ಇಲ್ಲ. ಹಾಗಾಗಿ ಕಥೆ ಗುಡಿಗಿಂತ ಚಿಕ್ಕದಿರಬಹುದು. ಅದರಿಂದ ಕಥೆಯ ಬೆಲೆ ಕಡಿಮೆಯಾಗುವುದಿಲ್ಲ. ಸುತ್ತಲಿನ ಹಳ್ಳಿಯವರು ಮೊದಲ ಫಸಲನ್ನು ಬಸವನಿಗೆ ಒಪ್ಪಿಸುತ್ತಿದ್ದರು, ಕಾರ್ತಿಕದ ಕೊನೆಯ ಸೋಮವಾರದ ಪರಿಷೆ ಹುಟ್ಟಿದ್ದು ಅದರಿಂದ ಎಂಬುದನ್ನು ಅದು ಹೇಳುತ್ತದೆ. ಕಲ್ಲಿನ ಕಾಲ ಮಾತ್ರ ಹೇಳುವುದಿಲ್ಲ.

ಬರೆದಿಡುವುದು

ಒಂದು ಹಾಳೆ ಸಾಕು. ಗುಡಿಯ ಭಾಗ, ಅದರ ಕಾಲ, ಆ ಕಾಲಕ್ಕೆ ಆಧಾರ, ಈ ಮೂರು ಅಂಕಣ. ಆಧಾರದಲ್ಲಿ ‘ಶಾಸನ’, ‘ಶೈಲಿ’, ‘ಹೇಳಿಕೆ’ ಎಂದು ಬೇರೆ ಬೇರೆ ನಮೂದಿಸಿ, ಹೇಳಿಕೆಯಾದರೆ ಯಾವ ಮನೆತನದವರದು ಎಂದೂ ಸೇರಿಸಿ. ಒಂದು ಪ್ರತಿಯನ್ನು ದಪ್ಪ ಅಕ್ಷರದಲ್ಲಿ ಅಚ್ಚುಹಾಕಿಸಿ ಅರ್ಚಕರಿಗೆ ಕೊಡಿ. ಗೋಡೆಗೆ ಹಾಕುತ್ತೇವೆ ಎಂದರೆ ಸಂತೋಷ, ಆದರೆ ಮೊಳೆ ಕಲ್ಲಿನ ಕಂಬಕ್ಕೆ ಬೀಳದಂತೆ ನಿಂತು ನೋಡಿಕೊಂಡು ಬನ್ನಿ.