ಸಸಿ ಆಮೇಲೆ, ಮೊದಲು ನೋಟ್‌ಬುಕ್

ಪಾರ್ಕ್ ಚೆನ್ನಾಗಾಗಬೇಕು, ಗಾಳಿ ಶುದ್ಧವಾಗಬೇಕು, ಆ ಕೆಲಸಕ್ಕೆ ಹದಿಹರೆಯದವರೂ ಬರಬೇಕು ಅಂದ ಕೂಡಲೇ ಎಲ್ಲರಿಗೂ ಹೊಳೆಯುವುದು ಸಸಿ ನೆಡುವ ಕಾರ್ಯಕ್ರಮ. ಟೋಪಿ, ಬ್ಯಾನರ್, ಒಂದೇ ಸಸಿಗೆ ಹತ್ತು ಕೈ, ಒಂದು ಫೋಟೊ. ನಾಳೆಯಿಂದ ನೀರು ಹಾಕುವವರು ಯಾರು ಎಂಬುದು ಮಾತ್ರ ಫೋಟೊದಲ್ಲಿ ಕಾಣುವುದಿಲ್ಲ. ಹೊಸದಾಗಿ ನೆಟ್ಟ ಗಿಡಕ್ಕೆ 2–3 ವರ್ಷವಾದರೂ ಆರೈಕೆ ಬೇಕು. ಹಾಗಾಗಿ ಸದ್ಯಕ್ಕೆ ಸಸಿ ತರುವುದು ಬೇಡ.

1992ರಲ್ಲಿ ರೋಜರ್ ಹಾರ್ಟ್ ಎಂಬುವರು ಯುನಿಸೆಫ್‌ಗಾಗಿ ಬರೆಯುತ್ತಾ ಮಕ್ಕಳ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ತೋರಿಸಿದರು. ಮಕ್ಕಳನ್ನು ಬಳಸಿಕೊಳ್ಳುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗಷ್ಟೇ ಕರೆಯುವುದು ಕೆಳಗಿನ ಮೂರು ಮೆಟ್ಟಿಲು. ಇವು ಪಾಲ್ಗೊಳ್ಳುವಿಕೆಯೇ ಅಲ್ಲ ಎಂದರು. ಟೋಪಿ ಹಾಕಿಸಿ ಫೋಟೊ ತೆಗೆಯುವ ಕಾರ್ಯಕ್ರಮ ಯಾವ ಮೆಟ್ಟಿಲಲ್ಲಿದೆ, ನೀವೇ ಹೇಳಿ.

ಗುಂಪು ಕಟ್ಟುವುದು

ಎಂಟು–ಹತ್ತು ಜನ ಸಾಕು. ಎಲ್ಲದಕ್ಕೂ ಕೈ ಎತ್ತುವ ಜಾಣ ಮಕ್ಕಳು ಹೇಗೂ ಬರುತ್ತಾರೆ. ಮೂಲೆಯ ಬೆಂಚಿನಲ್ಲಿ ಮೊಬೈಲ್ ಹಿಡಿದು ಕೂರುವವರನ್ನು, ‘ಗಲಾಟೆ ಹುಡುಗರು’ ಅನ್ನಿಸಿಕೊಂಡವರನ್ನು, ಪಾರ್ಕಿಗೆ ಬರುವುದನ್ನೇ ಬಿಟ್ಟ ಹುಡುಗಿಯರನ್ನು ನೀವಾಗಿ ಹೋಗಿ ಕರೆಯಬೇಕು. ಪಾರ್ಕಿನ ತೊಂದರೆ ಏನು ಅಂತ ಅವರಿಗೇ ಜಾಸ್ತಿ ಗೊತ್ತು.

ಒಂದು ವಾರ ಎಣಿಕೆ

ಪಾರ್ಕಿನ ಒರಟು ನಕ್ಷೆ ಬರೆದು ಕೈಗೆ ಕೊಡಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ದಿನಾ ಅದೇ ಹೊತ್ತಿಗೆ ಒಂದು ಸುತ್ತು. ಯಾವ ಜಾಗದಲ್ಲಿ ಎಷ್ಟು ಜನ, ಸುಮಾರು ಯಾವ ವಯಸ್ಸು, ಗಂಡೋ ಹೆಣ್ಣೋ, ಏನು ಮಾಡುತ್ತಿದ್ದಾರೆ ಎಂದು ಗುರುತು ಹಾಕಬೇಕು. ಹೆಸರು, ಫೋಟೊ ಬೇಡ.

ಸುಮ್ನೆ ಎಣಿಸುವುದರಿಂದ ಏನು ಸಿಗುತ್ತದೆ ಅನ್ನಬೇಡಿ. 1990ರ ದಶಕದಲ್ಲಿ ಆಸ್ಟ್ರಿಯಾದ ವಿಯೆನ್ನಾದಲ್ಲಿ ಹೀಗೆ ಗಮನಿಸಿದಾಗ, ಒಂಬತ್ತು ವರ್ಷ ದಾಟಿದ ಹುಡುಗಿಯರು ಪಾರ್ಕಿಗೆ ಬರುವುದು ಥಟ್ಟನೆ ಕಡಿಮೆಯಾಗುತ್ತಿದ್ದದ್ದು ತಿಳಿಯಿತು. ಬಯಲನ್ನು ಹುಡುಗರು ಹಿಡಿದುಕೊಂಡಾಗ ಹುಡುಗಿಯರು ಜಗಳಕ್ಕೆ ನಿಲ್ಲದೆ ಹಿಂದೆ ಸರಿಯುತ್ತಿದ್ದರು. ಮುಂದೆ ಎರಡು ಪಾರ್ಕುಗಳಲ್ಲಿ ಕಾಲುದಾರಿ ಹೆಚ್ಚಿಸಿದರು, ವಾಲಿಬಾಲ್, ಬ್ಯಾಡ್ಮಿಂಟನ್ ಅಂಕಣ ಮಾಡಿದರು, ದೊಡ್ಡ ಬಯಲನ್ನು ಸಣ್ಣ ಸಣ್ಣ ಜಾಗಗಳಾಗಿ ಒಡೆದರು. ಹುಡುಗಿಯರು ವಾಪಸ್ ಬಂದರು.

ಗಾಳಿ ಅಳೆಯುವುದು

ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಕಣ್ಣಿಗೆ ಕಾಣುವ ದೂಳಿಗಿಂತ ಕಾಣದ ದೂಳೇ ಅಪಾಯ. ಪಿಎಂ 2.5 ಅಂದರೆ 2.5 ಮೈಕ್ರೊಮೀಟರ್ ಅಥವಾ ಅದಕ್ಕಿಂತ ಚಿಕ್ಕ ಕಣ. ತಲೆಗೂದಲಿನ ದಪ್ಪ ಅದರ ಇಪ್ಪತ್ತು–ಮೂವತ್ತು ಪಟ್ಟು. ಬಿಳಿ ಕಾರ್ಡಿಗೆ ವ್ಯಾಸಲಿನ್ ಸವರಿ ನೇತುಹಾಕುವ ಪ್ರಯೋಗ ಚಿಕ್ಕವರಿಗೆ ಖುಷಿ ಕೊಡುತ್ತದೆ, ಆದರೆ ಅದರಲ್ಲಿ ಕಾಣುವುದು ದಪ್ಪ ದೂಳು ಮಾತ್ರ.

ಈ ಸಣ್ಣ ದೂಳನ್ನು ಅಳೆಯುವ, ಕಡಿಮೆ ಬೆಲೆಯ ಎರಡು ಸೆನ್ಸರ್ ಸಿಕ್ಕರೆ ಒಳ್ಳೆಯದು. ಮೊದಲು ಎರಡನ್ನೂ ಪಕ್ಕಪಕ್ಕ ಇಟ್ಟು ಎರಡು ಮೂರು ದಿನ ನೋಡಿ. ಒಂದೇ ಜಾಗದಲ್ಲಿ ಬೇರೆ ಬೇರೆ ಲೆಕ್ಕ ತೋರಿಸಿದರೆ ಆ ವ್ಯತ್ಯಾಸ ಬರೆದಿಟ್ಟುಕೊಳ್ಳಿ. ಆಮೇಲೆ ಒಂದು ರಸ್ತೆ ಬದಿಗೆ, ಇನ್ನೊಂದು ಪಾರ್ಕಿನ ನಡುವೆ. ಈ ಯಂತ್ರಗಳು ಬೆಳಕು ಚದುರುವುದನ್ನು ನೋಡಿ ಕಣ ಎಣಿಸುತ್ತವೆ. ಮಂಜು ಕವಿದ ದಿನ ನೀರಿನ ಹನಿಯನ್ನೂ ದೂಳು ಅಂತಲೇ ಲೆಕ್ಕ ಹಾಕುತ್ತವೆ. ಆ ದಿನದ ಅಂಕಿ ಬಿಟ್ಟುಬಿಡಿ.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಪ್ರಕಾರ ಪಿಎಂ 2.5ರ ವಾರ್ಷಿಕ ಸರಾಸರಿ ಒಂದು ಘನ ಮೀಟರ್ ಗಾಳಿಗೆ 5 ಮೈಕ್ರೊಗ್ರಾಂ ದಾಟಬಾರದು, ದಿನದ ಸರಾಸರಿ 15. ಒಂದು ಬೆಳಗಿನ ಅಂಕಿಯನ್ನು ವರ್ಷದ ಮಿತಿಗೆ ಹೋಲಿಸಿ ಪೋಸ್ಟರ್ ಬರೆಯಲು ಎಲ್ಲರಿಗೂ ಆಸೆಯಾಗುತ್ತದೆ. ತಡೆಯಿರಿ. ರಸ್ತೆ ಬದಿಗೂ ನಡುವಿಗೂ ಎಷ್ಟು ಅಂತರ ಎಂಬುದೇ ನಿಮಗೆ ಬೇಕಾದದ್ದು.

ಸೆನ್ಸರ್ ಇಲ್ವಾ? ಪರವಾಗಿಲ್ಲ. ಅರ್ಧ ಗಂಟೆ ಗೇಟಿನ ಒಳಗೆ ಕೂತು, ನಿಂತಲ್ಲೇ ಎಂಜಿನ್ ಓಡಿಸುವ ಗಾಡಿಗಳನ್ನು ಎಣಿಸಿ. ತರಗೆಲೆಗೆ ಎಲ್ಲಿ ಬೆಂಕಿ ಹಾಕುತ್ತಾರೆ ಅಂತ ನಕ್ಷೆಯಲ್ಲಿ ಗುರುತು ಹಾಕಿ. ಆಸ್ತಮಾ ಇರುವವರಿಗೆ ರಸ್ತೆ ಬದಿಯ ಕೆಲಸ ಕೊಡಬೇಡಿ.

ಒಂದೇ ಒಂದು ಹೊಗೆ ಆಯ್ದುಕೊಳ್ಳಿ

ಇಡೀ ಊರಿನ ಹೊಗೆ ನಿಲ್ಲಿಸಲು ಹೊರಟರೆ ಎರಡನೇ ವಾರಕ್ಕೆ ಗುಂಪು ಕರಗುತ್ತದೆ. ಪಾರ್ಕಿನೊಳಗೇ ಇರುವ ಒಂದನ್ನು ಹಿಡಿಯಿರಿ. ನನ್ನ ಕೇಳಿದರೆ ತರಗೆಲೆ ಸುಡುವುದನ್ನು ನಿಲ್ಲಿಸುವುದೇ ಒಳ್ಳೆಯ ಆರಂಭ. ಒಂದು ಮೀಟರ್ ಉದ್ದ, ಅಗಲ, ಎತ್ತರದ ಜಾಲರಿ ಗೂಡು ಮಾಡಿ. ಒಣ ಎಲೆ ಜಾಸ್ತಿ, ಹಸಿ ಹುಲ್ಲು ಕಡಿಮೆ, ಹೀಗೆ ಪದರ ಹಾಕಿ. ಹಿಂಡಿದ ಬಟ್ಟೆಯಷ್ಟು ತೇವ ಇರಲಿ. ಎರಡು ವಾರಕ್ಕೊಮ್ಮೆ ಮಗುಚಿ. ಕೆಟ್ಟ ವಾಸನೆ ಬಂದರೆ ನೀರು ಹೆಚ್ಚಾಗಿದೆ ಅಂತ ಅರ್ಥ, ಒಣ ಎಲೆ ಸೇರಿಸಿ. ಕೆಲವು ತಿಂಗಳಲ್ಲಿ ಗೊಬ್ಬರ ಸಿದ್ಧ. ಪಾರ್ಕಿನ ಕೆಲಸಗಾರರನ್ನು ಮೊದಲ ದಿನದಿಂದಲೇ ಜತೆಗೆ ಸೇರಿಸಿಕೊಳ್ಳಿ. ಅವರು ಮನಸ್ಸು ಮಾಡದಿದ್ದರೆ ಬೆಂಕಿಪೊಟ್ಟಣ ಮತ್ತೆ ಹೊರಬರುತ್ತದೆ.

ಈಗ ಗಿಡ

ಮರ ನೆಟ್ಟರೆ ಊರಿನ ಗಾಳಿ ಶುದ್ಧವಾಗುತ್ತದೆ ಎಂದು ಮಕ್ಕಳಿಗೆ ಹೇಳಬೇಡಿ. ಇಡೀ ನಗರದ ಲೆಕ್ಕದಲ್ಲಿ ಎಲೆಗಳು ಹಿಡಿಯುವ ಸೂಕ್ಷ್ಮ ದೂಳು ಬಹಳ ಕಡಿಮೆ. ಆದರೆ ಗಿಡವನ್ನು ಸರಿಯಾದ ಜಾಗದಲ್ಲಿ ನೆಟ್ಟರೆ ಆಡುವವರ ಮೂಗಿಗೆ ಬರುವ ಹೊಗೆ ಕಡಿಮೆಯಾಗುತ್ತದೆ. ಅದಕ್ಕೆ ಬೇಕಾದದ್ದು ರಸ್ತೆಗೂ ಆಟದ ಜಾಗಕ್ಕೂ ನಡುವೆ ಹಸಿರು ಬೇಲಿ. ನೆಲದಿಂದಲೇ ದಟ್ಟವಾಗಿರಬೇಕು, ಆಳೆತ್ತರ ದಾಟಬೇಕು, ನಡುವೆ ಕಿಂಡಿ ಇರಬಾರದು. ನುಣುಪು ಎಲೆಗಿಂತ ಒರಟು, ರೋಮ ಇರುವ ಎಲೆ ದೂಳನ್ನು ಚೆನ್ನಾಗಿ ಹಿಡಿಯುತ್ತದೆ. ಎತ್ತರದ ಕಟ್ಟಡಗಳ ನಡುವಿನ ಇಕ್ಕಟ್ಟು ರಸ್ತೆಯಲ್ಲಿ ಮಾತ್ರ ಮರಗಳು ಮೇಲೆ ಕೂಡಿಕೊಂಡರೆ ಹೊಗೆ ಕೆಳಗೇ ಉಳಿಯುತ್ತದೆ.

ಜೋಕಾಲಿ ರಸ್ತೆ ಅಂಚಿನಲ್ಲಿದ್ದರೆ ಒಳಗೆ ಸರಿಸಲು ಕೇಳಿ. ರಸ್ತೆಯಿಂದ ದೂರ ಹೋದಂತೆ ಹೊಗೆ ಬೇಗ ತೆಳುವಾಗುತ್ತದೆ, ಮೊದಲ ಹತ್ತಾರು ಮೀಟರಿನಲ್ಲೇ ತುಂಬಾ ವ್ಯತ್ಯಾಸ.

ಕಚೇರಿಗೆ ಹೋಗುವ ದಿನ

ಪಾರ್ಕ್ ನೋಡಿಕೊಳ್ಳುವ ಕಚೇರಿಗೆ ಒಯ್ಯಬೇಕಾದದ್ದು ನಕ್ಷೆ, ಎಣಿಕೆ, ಎರಡು ಬೇಡಿಕೆ. ಮೂರನೆಯದು ಬೇಡ. ಮಾತಾಡುವವರು ಮಕ್ಕಳು, ಪಕ್ಕದಲ್ಲಿ ಸುಮ್ಮನೆ ಕೂರುವವರು ನೀವು. ಇದು ದೊಡ್ಡವರಿಗೆ ಎಷ್ಟು ಕಷ್ಟ ಅಂತ ಅಲ್ಲಿ ಹೋದ ಮೇಲೆ ಗೊತ್ತಾಗುತ್ತದೆ. ಆಗುವುದಿಲ್ಲ ಎಂದರೆ ಕಾರಣವನ್ನು ಬರಹದಲ್ಲಿ ಕೇಳಲಿ. ಮೂರು ತಿಂಗಳ ನಂತರ ಅದೇ ಹಾಳೆ ಹಿಡಿದು, ಅದೇ ಹೊತ್ತಿಗೆ ಮತ್ತೆ ಎಣಿಕೆ.

ಗಿಡಕ್ಕೆ ನೀರು ಹಾಕುವ ಸರದಿ ಪಟ್ಟಿಯನ್ನೂ ಅವರೇ ಬರೆಯಲಿ. ಪರೀಕ್ಷೆಯ ತಿಂಗಳ ಸರದಿ ಮಾತ್ರ ದೊಡ್ಡವರದು. ಆ ಸಾಲಿನಲ್ಲಿ ನಿಮ್ಮ ಹೆಸರನ್ನು ಈಗಲೇ ಬರೆದುಬಿಡಿ.