ಮಂಜೊಟ್ಟಿ ಕಾಯಿಯಲ್ಲಿ ಮತ್ಸ್ಯಕ್ಷಾಮ

ಉಡುಪಿಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಪರಿಸರ ನೀತಿಯ ಪಾಠ ಮಾಡುತ್ತೇನೆ. ಮೊದಲ ವರ್ಷ ನಾನು ಶುರು ಮಾಡಿದ್ದು ಅಮೆರಿಕದ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಹೇಳಿದ ಹುಲ್ಲುಗಾವಲಿನ ಕಥೆಯಿಂದ. ಊರಿಗೆಲ್ಲ ಸೇರಿದ ಗೋಮಾಳಕ್ಕೆ ಒಬ್ಬೊಬ್ಬನೂ ಒಂದೊಂದು ದನ ಹೆಚ್ಚು ಬಿಡುತ್ತಾ ಹೋದರೆ ಕೊನೆಗೆ ಯಾರಿಗೂ ಹುಲ್ಲಿಲ್ಲ. ತರಗತಿ ತಲೆಯಾಡಿಸಿತು, ಆಕಳಿಸಿತು. ಹಿಂದಿನ ಬೆಂಚಿನಿಂದ ಮಲ್ಪೆಯ ಹುಡುಗನೊಬ್ಬ, "ಸರ್, ನಮ್ಮ ಅಜ್ಜನ ರಂಪಣಿಯಲ್ಲಿ ಹಾಗಿರಲಿಲ್ಲವಲ್ಲ" ಎಂದ.

ರಂಪಣಿ ಎಂದರೆ ದಡದಿಂದ ಎಳೆಯುವ ಭಾರೀ ಬಲೆ. ಒಬ್ಬನ ಸ್ವತ್ತಲ್ಲ, ಹತ್ತಾರು ಮನೆಗಳ ಪಾಲು. 1970ರ ದಶಕದಲ್ಲಿ ಬಂದ, ಪರ್ಸೀನ್ ಎಂಬ ಸುತ್ತುಬಲೆಯ ಯಾಂತ್ರಿಕ ಬೋಟುಗಳು ಬಂಗುಡೆ, ಬೂತಾಯಿ ಮೀನಿನ ಹಿಂಡುಗಳನ್ನು ದಡಕ್ಕೆ ಬರುವ ಮೊದಲೇ ಸುತ್ತುಗಟ್ಟತೊಡಗಿದವು. ರಂಪಣಿ ಮೂಲೆ ಸೇರಿತು. ಜನರೇ ಕೂಡಿ ನಿಯಮ ಕಟ್ಟಿಕೊಂಡು ಸಾಮೂಹಿಕ ಸಂಪತ್ತನ್ನು ಕಾಯಬಲ್ಲರು ಎಂದು ತೋರಿಸಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಅವರನ್ನು ನಾನು ಎಂಟನೇ ವಾರಕ್ಕೆ ಎತ್ತಿಟ್ಟಿದ್ದೆ. ಹುಡುಗ ಮೊದಲ ದಿನವೇ ಪಾಠ ಮುಗಿಸಿಬಿಟ್ಟ.

ಮರುವರ್ಷ ಮನೆಯ ಚೆನ್ನೆಮಣೆಯಿಂದ ಮಂಜೊಟ್ಟಿ ಕಾಯಿಗಳನ್ನು, ಅಂದರೆ ಆಟಕ್ಕೆ ಬಳಸುವ ಕೆಂಪು ಬೀಜಗಳನ್ನು, ಕಟ್ಟಿಕೊಂಡು ಹೋದೆ. ಐವರ ನಡುವೆ ಒಂದು ತಟ್ಟೆ, ಅದರಲ್ಲಿ ನಲವತ್ತು ಕಾಯಿ. ತಟ್ಟೆಯೇ ಕಡಲು, ಕಾಯಿಯೇ ಮೀನು. ಬೇಕಾದಷ್ಟು ತೆಗೆಯಬಹುದು, ಸುತ್ತು ಮುಗಿದಾಗ ಉಳಿದದ್ದನ್ನು ನಾನು ದುಪ್ಪಟ್ಟು ಮಾಡುತ್ತೇನೆ, ನಲವತ್ತು ದಾಟುವಂತಿಲ್ಲ. ಮಾತಾಡಬಾರದು ಎಂದಾಗ ಎರಡನೇ ಸುತ್ತಿಗೇ ತಟ್ಟೆಗಳು ಖಾಲಿ. ಮಾತಾಡಲು ಬಿಟ್ಟೆ. ಐದು ನಿಮಿಷದಲ್ಲಿ ಒಂದು ಗುಂಪು ಲೆಕ್ಕ ಹಿಡಿಯಿತು: ತಲೆಗೆ ನಾಲ್ಕು, ಇಪ್ಪತ್ತು ಉಳಿಕೆ, ಮತ್ತೆ ನಲವತ್ತು. ಆಗ ಹೊರಗಿನಿಂದ ಒಬ್ಬನನ್ನು ಕರೆದು ಕೈಗೆ ಚಮಚ ಕೊಟ್ಟೆ. ಒಪ್ಪಂದ ಅವನದಲ್ಲ. ಒಂದೇ ಬಾರಿಗೆ ಅರ್ಧ ತಟ್ಟೆ ಬಳಿದ. ಎದ್ದ ಗಲಾಟೆಗೆ ಪಕ್ಕದ ತರಗತಿಯವರು ಬಂದು ಬಾಗಿಲು ತಟ್ಟಿದರು.

ಕಾನೂನಿನ ಪಾಠ ಅಲ್ಲಿಂದ ಸಲೀಸಾಗಿ ಸಾಗಿತು. ಚಮಚದವನನ್ನು ತಡೆಯುವವರು ಯಾರು? ದಡದಿಂದ 12 ನಾಟಿಕಲ್ ಮೈಲಿಯವರೆಗೆ ರಾಜ್ಯ, ಅದರಾಚೆ ಕೇಂದ್ರ. ಎಲ್‌ಇಡಿ ಬೆಳಕಿಗೆ ಮೀನನ್ನು ಸೆಳೆದು ಹಿಡಿಯುವ ಮೀನುಗಾರಿಕೆಯನ್ನು ಕೇಂದ್ರ 2017ರಲ್ಲೇ ನಿಷೇಧಿಸಿದೆ. ಆದರೆ ರಾತ್ರಿ ನಡುಗಡಲಿನಲ್ಲಿ ಗೆರೆ ಎಲ್ಲಿದೆ ಎಂದು ನೋಡುವವರು ಯಾರು? ಅರ್ಧ ಗಂಟೆ ಜಗಳವಾಡಿದರು. ನಾನು ಬಾಯಿ ಬಿಡಲಿಲ್ಲ. ಅಧ್ಯಾಪಕನಿಗೆ ಅದು ಸುಲಭದ ಕೆಲಸವಲ್ಲ.

ನನ್ನ ಆಟದ ತಪ್ಪನ್ನು ಹಿಡಿದವಳು ಒಬ್ಬ ವಿದ್ಯಾರ್ಥಿನಿ. "ತಟ್ಟೆಯ ಸುತ್ತ ಮೀನು ಹಿಡಿಯುವವರೇ ಕೂತಿದ್ದಾರೆ ಸರ್. ಬುಟ್ಟಿ ಹೊತ್ತು ಮೀನು ಮಾರುವ ನನ್ನ ಅಮ್ಮ ಎಲ್ಲಿ?" ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಸರ್ಕಾರದ ನಿಷೇಧವಿರುವುದರಿಂದ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವುದಿಲ್ಲ. ನಾಡದೋಣಿಗಳು ತಂದ ಮೀನಷ್ಟೇ ದಡಕ್ಕೆ. ವರ್ಷ ವರ್ಷ ಈ ದಿನಾಂಕಗಳನ್ನು ಬೋರ್ಡಿನ ಮೇಲೆ ಬರೆದಿದ್ದೇನೆ, ಬುಟ್ಟಿಯ ಬಗ್ಗೆ ಒಂದು ಸಾಲೂ ಹೇಳಿರಲಿಲ್ಲ.

ಈಗ ಆಟದಲ್ಲಿ ಆರನೆಯವಳೊಬ್ಬಳಿದ್ದಾಳೆ. ತಟ್ಟೆಗೆ ಅವಳು ಕೈ ಹಾಕುವಂತಿಲ್ಲ. ಉಳಿದವರ ಪಾಲಿನಿಂದ ಕೊಂಡು ಮಾರಬೇಕು. ನಡುವೆ ಎರಡು ಸುತ್ತು ತಟ್ಟೆ ಮುಚ್ಚಿಡುತ್ತೇನೆ. ಆ ಎರಡು ಸುತ್ತಿಗೆ ಅವಳಿಗಾಗಿ ಒಂದು ನಿಯಮ ಬರೆಯಿರಿ, ಅದರ ಖರ್ಚು ಯಾರದೆಂದೂ ಹೇಳಿ ಎಂಬುದು ನಮ್ಮ ಆಂತರಿಕ ಪರೀಕ್ಷೆಯ ಪ್ರಶ್ನೆ. ಹದಿನೈದು ಅಂಕ.